ಪಕ್ಕದ ಮನೆಯ ಚಕ್ಕುಬಂದಿ

ಮಂಜುಳ, ನೀನು ಕೇಳಿದೆ ಅಂತ ಬರೆಯುತ್ತಿದ್ದೇನೆ. "ಸಾರ್, ನಿಮ್ಮ ಅನುಭವಾನೆಲ್ಲ ಬರೆದಿಡಿ, ನಮ್ಮಂಥ ಹೊಸಬ್ರಿಗೆ ಉಪಯೋಗ ಆಗುತ್ತೆ" ಅಂದೆಯಲ್ಲ, ಆ ಮಾತಿಗೆ ಉಬ್ಬಿಹೋಗಿ ಎರಡು ನೋಟ್‌ಬುಕ್ಕು, ನಾಲ್ಕು ಪೆನ್ನು ತಂದು ಕೂತೆ. ಮೂರು ದಿನ ಬರೆದೆ. ನಾಲ್ಕನೇ ದಿನ ನನ್ನ ಹೆಂಡತಿ ಸುನಂದ ಕನ್ನಡಕ ಹಾಕಿಕೊಂಡು ಅಷ್ಟೂ ಓದಿ, "ಚೆನ್ನಾಗಿದೆ ರೀ. ಯಾರ ವಿಷಯ ಇದು?" ಅಂತ ಕೇಳಿದಳು. ಹರಿದು ಹಾಕಿದೆ. ಇದು ಎರಡನೇ ಸಲ ಬರೆಯುತ್ತಿರುವುದು.

ನಿನಗೆ ಗೊತ್ತಿರುವುದೇ ಆದರೂ ಬೇರೆ ಹೊಸಬರು ಓದಿದರೆ ಅನುಕೂಲವಾಗಲಿ ಅಂತ ಹೇಳುತ್ತೇನೆ. ನಾನು ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ಕರಾರುಪತ್ರ, ವಿಭಾಗಪತ್ರ ಬರೆದುಕೊಡುತ್ತಿದ್ದವನು. ಮೊದಲು ಶಿಡ್ಲಘಟ್ಟದಲ್ಲಿ ಸೂರಪ್ಪನವರ ಕೈಕೆಳಗೆ, ಆಮೇಲೆ ಚಿಂತಾಮಣಿಯಲ್ಲಿ ನನ್ನದೇ ಅಂಗಡಿಯಲ್ಲಿ. ಜನ ನನ್ನನ್ನು ಪತ್ರದ ವೆಂಕಟೇಶಪ್ಪ ಅನ್ನುತ್ತಾರೆ. ಈ ಕೆಲಸದಲ್ಲಿ ಬಡ್ತಿ ಇಲ್ಲ, ವರ್ಗ ಇಲ್ಲ, ನಿವೃತ್ತಿಯ ದಿನ ಹಾರ ಹಾಕುವವರೂ ಇಲ್ಲ. ಒಂದು ದಿನ ಬೀಗದ ಕೈಯನ್ನು ನಿನ್ನ ಕೈಗೆ ಕೊಟ್ಟು ಮನೆಗೆ ಬಂದೆ, ಅಷ್ಟೇ.

ಸೂರಪ್ಪನವರು ಮೂರು ಮಾತಿಗೆ ಒಂದು ಸಲ ಬೈಯುತ್ತಿದ್ದರು. ಅವರ ಹತ್ತಿರ ಚಕ್ಕುಬಂದಿ ಬರೆಯುವುದನ್ನು ಕಲಿತೆ. ಚಕ್ಕುಬಂದಿ ಅಂದರೆ ಮಾರುವ ಜಾಗದ ನಾಲ್ಕು ದಿಕ್ಕಿಗೆ ಏನಿದೆ, ಯಾರದಿದೆ ಅನ್ನುವ ವಿವರ. ಪತ್ರಕ್ಕೆ ಅದೇ ಜೀವ. ಕಕ್ಷಿದಾರ ಬಾಯಲ್ಲಿ ಹೇಳಿದ್ದನ್ನು ಸೂರಪ್ಪನವರು ಬರೆದವರೇ ಅಲ್ಲ. "ಏಳಪ್ಪ ಮೇಲೆ. ಹೋಗಿ ಜಾಗದ ಮೇಲೆ ನಿಂತ್ಕೊ. ಸೂರ್ಯನ ಕಡೆ ಮುಖ ಮಾಡಿ ಒಂದು ಸುತ್ತು ತಿರುಗಿ ಬಾ" ಅಂತ ಅಟ್ಟುತ್ತಿದ್ದರು. ಶಿಡ್ಲಘಟ್ಟದ ಓಣಿಗಳಲ್ಲಿ ರೇಷ್ಮೆ ಗೂಡು ಬೇಯುವ ವಾಸನೆಯ ನಡುವೆ ಬುಗುರಿಯ ಹಾಗೆ ತಿರುಗುತ್ತಾ ನಿಂತ ನನ್ನನ್ನು ನೋಡಿ ಹೆಂಗಸರು ಬಾಗಿಲು ಹಾಕಿಕೊಂಡದ್ದಿದೆ. ಬರೆದಾದ ಮೇಲೆ ಇನ್ನೊಂದು ಕಟ್ಟಳೆ. ಮಾರುವವನು, ಕೊಳ್ಳುವವನು ಇಬ್ಬರನ್ನೂ ಕೂರಿಸಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಓದದೆ ಸಹಿ ಹಾಕಿಸಿದವನನ್ನು ಅವರು ಆ ದಿನ ಜಗಲಿ ಹತ್ತಿಸುತ್ತಿರಲಿಲ್ಲ.

ಆಗ ಎಲ್ಲಾ ಕೈಬರಹ. ಛಾಪಾ ಕಾಗದದ ಮೇಲೆ ಒಂದು ಚಿತ್ತಾದರೆ ಚಿತ್ತಿನ ಪಕ್ಕದಲ್ಲಿ ಎಲ್ಲರ ಸಹಿ ಬೇಕು. ಆಮೇಲೆ ಟೈಪ್‌ರೈಟರು ಬಂತು, ಅದರ ಹಿಂದೆ ಕಂಪ್ಯೂಟರು ಬಂತು. ಕಂಪ್ಯೂಟರ್ ಬಂದ ದಿನ ನಾನು ಅದನ್ನು ಮುಟ್ಟುವುದಿಲ್ಲ ಅಂತ ಶಪಥ ಮಾಡಿ, ಮುಟ್ಟುವವರು ಬೇಕು ಅಂತ ನಿನ್ನನ್ನು ಸೇರಿಸಿಕೊಂಡೆ. ನೀನು ಮೊದಲ ವಾರದಲ್ಲೇ "ಸಾರ್, ಹಳೇ ಪತ್ರದ ಮೇಲೇನೇ ಹೆಸರು ಬದಲಾಯಿಸಿ ಹೊಸಾದು ಮಾಡ್ಬಹುದು" ಅಂದಾಗ ನಾನು ಎಗರಾಡಿದ್ದು ನೆನಪಿದೆಯೇ? "ಒಬ್ರ ಪತ್ರ ನೋಡಿ ಇನ್ನೊಬ್ರ ಪತ್ರ ಬರೆಯೋನು ಪತ್ರ ಬರೆಯೋನೇ ಅಲ್ಲ ಕಣಮ್ಮ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದೆ. ಪಾಪ, ನೀನು ಊಟ ಬಿಟ್ಟು ಕೂತೆ.

ಇನ್ನು ನನ್ನ ಬುದ್ಧಿವಾದಕ್ಕೆ ಬರುತ್ತೇನೆ. ಪತ್ರ ಬರೆಸಲು ಬಂದವರಿಗೆ ಕೇಳದೆಯೇ ಬುದ್ಧಿ ಹೇಳುವುದು ನನ್ನ ಚಟ. ಅದರಲ್ಲಿ ಒಂದು ಮಾತನ್ನು ನಾನು ಸಾವಿರ ಸಲ ಹೇಳಿರಬೇಕು: ಇರುವ ಮನೆಯನ್ನು ಮಾರುವ ತನಕ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡಬೇಡಿ. ಇತ್ತ ಮಾರಾಟ ಆಗದೆ ಅತ್ತ ವಾಯಿದೆ ಮುಗಿದುಹೋದರೆ ಅಡ್ವಾನ್ಸೂ ಹೊಸ ಮನೆಯೂ ಎರಡೂ ಕೈಬಿಡುತ್ತವೆ. ಕೇಳಲು ಎಷ್ಟು ಚೆನ್ನಾಗಿದೆ ನೋಡು. ಆದರೆ ನನ್ನ ಮಾತು ಕೇಳಿದವರ ಗತಿ ಏನಾಯಿತು, ಕೇಳದವರ ಗತಿ ಏನಾಯಿತು ಅನ್ನುವುದನ್ನು ನಾನು ಯಾರಿಗೂ ಹೇಳಿಲ್ಲ.

ಶಿಡ್ಲಘಟ್ಟದ ನಜೀರ್ ಸಾಬರು ರೇಷ್ಮೆ ನೂಲು ತೆಗೆಸುತ್ತಿದ್ದವರು. ಮನೆ ಸಾಲದು ಅಂತ ದೊಡ್ಡದೊಂದು ನೋಡಿ, ಹಳೆಯದು ಮಾರುವ ಮೊದಲೇ ಅಡ್ವಾನ್ಸ್ ಕೊಡಲು ಬಂದರು. ನಾನು ಒಂದು ಗಂಟೆ ಉಪದೇಶ ಮಾಡಿದೆ. ಅವರು ತಲೆಯಾಡಿಸುತ್ತಾ ಕೇಳಿ, ಚಹಾ ಕುಡಿದು, "ನೀವು ಹೇಳೋದು ಸರಿ ಸ್ವಾಮಿ. ಈಗ ಬರೀರಿ" ಅಂದರು. ಬರೆದೆ. ಹಳೆಯ ಮನೆಗೆ ಗಿರಾಕಿ ಬರಲೇ ಇಲ್ಲ, ಗೂಡಿನ ವಾಸನೆ ಗೋಡೆಗೇ ಹಿಡಿದಿತ್ತು. ವಾಯಿದೆಗೆ ಎರಡು ವಾರ ಇರುವಾಗ ಅವರು ಹೊಸ ಮನೆಯವನನ್ನೇ ಕರೆದುಕೊಂಡು ಹೋಗಿ ಹಳೆಯ ಮನೆ ತೋರಿಸಿ, ಮೇಲೊಂದಿಷ್ಟು ದುಡ್ಡು ಕೊಟ್ಟು ಮನೆಗೆ ಮನೆ ಅದಲುಬದಲು ಮಾಡಿಕೊಂಡುಬಿಟ್ಟರು. ಅದು ನನ್ನ ತಲೆಗೆ ಹೊಳೆಯುವ ವಿಷಯವೇ ಅಲ್ಲ. ಎರಡು ಪತ್ರವನ್ನೂ ನಾನೇ ಬರೆದೆ.

ನನ್ನ ಮಾತನ್ನು ಅಕ್ಷರ ಬಿಡದೆ ಕೇಳಿದವನು ಬ್ಯಾಟಪ್ಪ. ಮೊದಲು ಮಾರಿದ. ಹೊಸದು ಹುಡುಕುವಷ್ಟರಲ್ಲಿ ಆಷಾಢ ಬಂತು, ಯಾರೂ ಮಾತಾಡಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಊರಿನ ಪಕ್ಕ ದೊಡ್ಡ ರಸ್ತೆ ಬರುತ್ತದೆ ಅಂತ ಸುದ್ದಿಯಾಗಿ ಬೆಲೆ ಮೇಲಕ್ಕೆ ಹೋಯಿತು. ನಾಲ್ಕು ವರ್ಷ ಹೆಂಡತಿ, ಎರಡು ಮಕ್ಕಳು, ಅತ್ತೆ, ಒಂದು ಎಮ್ಮೆಯ ಸಮೇತ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿದ. ಎಮ್ಮೆಗೆ ಒಪ್ಪುವ ಮಾಲೀಕರು ಅತ್ತೆಗೆ ಒಪ್ಪುತ್ತಿರಲಿಲ್ಲವಂತೆ. ನನ್ನ ಅಂಗಡಿಯ ಮುಂದೆ ಹೋಗುವಾಗಲೆಲ್ಲ ನಿಂತು ಕೈಮುಗಿದು, "ನಿಮ್ಮ ಆಶೀರ್ವಾದ ಸ್ವಾಮಿ" ಅನ್ನುತ್ತಿದ್ದ. ನೀನು ಬಂದ ಹೊಸದರಲ್ಲಿ "ಯಾರು ಸಾರ್ ಅವ್ರು, ನಿಮ್ಮ ಮೇಲೆ ಎಷ್ಟು ಭಕ್ತಿ" ಅಂತ ಕೇಳಿದೆ. ನಾನು "ಹಳೇ ಕಕ್ಷಿದಾರ" ಅಂದೆ.

ಇಷ್ಟಾದರೂ ನನ್ನ ನಿಯಮ ಬದಲಾಗಲಿಲ್ಲ. ಕಾರಣ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆ ನಿಯಮ ನನಗೆ ಮನೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತಿತ್ತು.

ಸುನಂದಳ ತವರು ಮುದ್ದೇನಹಳ್ಳಿ ಕಡೆ. ಬೆಟ್ಟ ನೋಡಿಕೊಂಡು, ಹೂವಿನ ತೋಟದಲ್ಲಿ ಬೆಳೆದವಳು. ಅವಳನ್ನು ತಂದು ನಾನು ಇಟ್ಟದ್ದು ಚಿಂತಾಮಣಿಯ ಮನೆಯಲ್ಲಿ; ಒಂದು ಕಡೆ ಪಕ್ಕದ ಮನೆಯ ಗೋಡೆ, ಇನ್ನೊಂದು ಕಡೆ ಇಕ್ಕಟ್ಟಿನ ಓಣಿ ಒತ್ತಿಕೊಂಡಿರುವ, ನಡುಮಧ್ಯಾಹ್ನ ಅಡುಗೆಮನೆಯಲ್ಲಿ ದೀಪ ಹಾಕಬೇಕಾದ ಮನೆ. ಅವಳು ಒಡವೆ ಕೇಳಲಿಲ್ಲ, ಊರು ತೋರಿಸಿ ಅನ್ನಲಿಲ್ಲ. ಕೇಳಿದ್ದು ಒಂದೇ: ಚಿಕ್ಕಬಳ್ಳಾಪುರದ ಕಡೆ, ಅಕ್ಕತಂಗಿಯರ ಹತ್ತಿರ, ಒಂದಷ್ಟು ಮಣ್ಣು ಇರುವ ಮನೆ. ಅವಳು ಒಂದು ಮನೆ ನೋಡಿ ಬಂದು ಹೇಳಿದಾಗಲೆಲ್ಲ ನಾನು "ಮೊದ್ಲು ಇದನ್ನ ಮಾರಣ, ಆಮೇಲೆ ನೋಡಣ" ಅನ್ನುತ್ತಿದ್ದೆ. ಮಾರುವುದಕ್ಕೆ ಒಂದು ಬೋರ್ಡನ್ನೂ ಹಾಕುತ್ತಿರಲಿಲ್ಲ. ಅಂಗಡಿಗೆ ಐದು ನಿಮಿಷದ ನಡಿಗೆ, ಎದುರಿಗೇ ಹೋಟೆಲು, ಸಂಜೆ ಕೂರಲು ನಾಲ್ಕು ಜನ ಸ್ನೇಹಿತರು. ನನಗೇನು ಕಷ್ಟ?

ಅಂಗಡಿ ನಿನಗೆ ಕೊಟ್ಟ ಮೇಲೆ ನೆಪ ಮುಗಿಯಿತು. ಅವಳ ತಂಗಿ ಫೋನು ಮಾಡಿ, ಚಿಕ್ಕಬಳ್ಳಾಪುರದಲ್ಲಿ ಮುದ್ದೇನಹಳ್ಳಿ ರಸ್ತೆಯ ಕಡೆ ಶಾರದಮ್ಮ ಅನ್ನುವ ರಿಟೈರ್ಡ್ ಹೆಡ್‌ಮಿಸ್ಸು ಮನೆ ಮಾರುತ್ತಿದ್ದಾರೆ ಅಂದಳು. ಸುಮ್ಮನೆ ನೋಡಿ ಬರೋಣ ಅಂತ ಹೋದೆವು. ಎರಡು ಕೋಣೆಯ ಹೆಂಚಿನ ಮನೆ, ಹಿತ್ತಲಲ್ಲಿ ಕನಕಾಂಬರದ ಪಾತಿ, ಒಂದು ಸಂಪಿಗೆ ಮರ. ಸುನಂದ ಚಪ್ಪಲಿ ಬಿಟ್ಟು ಹಿತ್ತಲಿಗೆ ಇಳಿದು, ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತುಕೊಂಡಳು. ನಾವು ಕಾಫಿ ಕುಡಿಯುತ್ತಿದ್ದಾಗಲೇ ಬೆಂಗಳೂರಿನಿಂದ ಕಾರಿನಲ್ಲಿ ಗಂಡ ಹೆಂಡತಿ ಬಂದರು. ಆ ಹೆಂಗಸು ಬಾಗಿಲಲ್ಲೇ ನಿಂತು, "ಟ್ರೀ ತೆಗೆಸಿದ್ರೆ ಎರಡು ಕಾರ್ ನಿಲ್ಲುತ್ತಲ್ವಾ?" ಅಂದಳು.

ನನಗೆ ಏನಾಯಿತೋ ಗೊತ್ತಿಲ್ಲ. "ಮನೆ ನಾವು ತಗೊಂಡಾಯ್ತಮ್ಮ. ನೀವು ಬೇರೆ ನೋಡ್ಕೊಳ್ಳಿ" ಅಂದುಬಿಟ್ಟೆ. ಶಾರದಮ್ಮ ನನ್ನನ್ನು ನೋಡಿದರು, ಸುನಂದ ನನ್ನನ್ನು ನೋಡಿದಳು, ನಾನೂ ಒಂದು ಕನ್ನಡಿ ಇದ್ದಿದ್ದರೆ ನನ್ನನ್ನು ನೋಡಿಕೊಳ್ಳುತ್ತಿದ್ದೆ. ಎರಡು ದಿನ ಬಿಟ್ಟು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಅಡ್ವಾನ್ಸ್ ಕೊಟ್ಟೆ. ಮೂರು ತಿಂಗಳ ವಾಯಿದೆಗೆ ಕರಾರುಪತ್ರವನ್ನು ನಾನೇ ಕೈಯಾರೆ ಬರೆದೆ.

ಇಲ್ಲಿ ಇನ್ನೊಂದು ವಿಷಯ. ಮಾತು ಕೇಳದೆ ಅಡ್ವಾನ್ಸ್ ಕೊಡುವ ಕಕ್ಷಿದಾರರಿಗೆ ನಾನು ಕೊನೆಗೆ ಒಂದು ಷರತ್ತು ಸೇರಿಸಿಕೊಡುತ್ತಿದ್ದೆ: ಕೊಳ್ಳುವವರ ಹಳೆಯ ಮನೆ ವಾಯಿದೆಯೊಳಗೆ ಮಾರಾಟವಾಗದಿದ್ದರೆ ಅಡ್ವಾನ್ಸ್ ವಾಪಸ್ಸು ಕೊಡತಕ್ಕದ್ದು. ನನ್ನ ಕರಾರಿನಲ್ಲಿ ಅದನ್ನು ಬರೆಯಲಿಲ್ಲ. ಶಾರದಮ್ಮನ ಎದುರು ಪತ್ರದ ವೆಂಕಟೇಶಪ್ಪ ಹಾಗೆಲ್ಲ ಹೆದರಿಕೊಂಡು ಬರೆಯುವುದೇ ಅಂತ ಜಂಬ. ಹೆಡ್‌ಮಿಸ್ಸು ಕರಾರು ಓದಿ, "ಅಕ್ಷರ ಮುತ್ತಿನ ಹಾಗಿದೆ" ಅಂದರು. ಆ ಹೊಗಳಿಕೆಗೆ ಚಿಂತಾಮಣಿ ಬರುವ ತನಕ ಬಸ್ಸಿನಲ್ಲಿ ನಗುತ್ತಾ ಕೂತಿದ್ದೆ.

ನಮ್ಮ ಮನೆಗೆ ಒಂದೂವರೆ ತಿಂಗಳಿಗೆ ಗಿರಾಕಿ ಸಿಕ್ಕಿದರು, ಹೈಸ್ಕೂಲು ಮೇಷ್ಟ್ರು. ಒಪ್ಪಿಕೊಂಡು ಬ್ಯಾಂಕಿನಲ್ಲಿ ಸಾಲಕ್ಕೆ ಹಾಕಿದರು; ಅದರ ಓಡಾಟದಲ್ಲೇ ತಿಂಗಳ ಮೇಲಾಯಿತು. ಕ್ರಯಪತ್ರದ ಕರಡು ಮಾಡು ಅಂತ ನನ್ನ ಹಳೆಯ ಪತ್ರವನ್ನು ನಿನ್ನ ಮೇಜಿನ ಮೇಲಿಟ್ಟು, ನಾನು ಗಿರಾಕಿಗಳ ಬೆಂಚಿನಲ್ಲಿ ಕಾಲು ಮೇಲೆ ಕಾಲು ಹಾಕಿ ಪೇಪರು ಓದುತ್ತಾ ಕೂತೆ. ನೀನು ಎರಡು ಸಲ ಓದಿದೆ. ಮೂರನೇ ಸಲ ಬೆರಳಿಟ್ಟು ಓದಿದೆ. ಆಮೇಲೆ ನಿಧಾನಕ್ಕೆ, "ಸಾರ್, ನಿಮ್ಮ ಮನೆ ಪಶ್ಚಿಮಕ್ಕೆ ಯಾರ ಮನೆ ಇದೆ?" ಅಂದೆ.

"ಮನೆ ಎಲ್ಲಿಂದ ಬಂತಮ್ಮ, ಓಣಿ ಇದೆ. ನಿನಗೆ ಗೊತ್ತಿಲ್ವಾ?"

"ಪತ್ರದಲ್ಲಿ ಪಶ್ಚಿಮಕ್ಕೆ ವೆಂಕಟೇಶಪ್ಪನವರ ನಿವೇಶನ ಅಂತಿದೆ ಸಾರ್."

"ವೆಂಕಟೇಶಪ್ಪ ನಾನೇ ಅಲ್ವೇನಮ್ಮ?"

"ಅದಕ್ಕೇ ಕೇಳ್ದೆ ಸಾರ್."

ನಾನು ಕಾಲು ಇಳಿಸಿದೆ. ಪತ್ರ ಈಸಿಕೊಂಡು ನೋಡಿದೆ. ಅಕ್ಷರವೇನೋ ಮುತ್ತಿನ ಹಾಗೇ ಇತ್ತು. ಮೂವತ್ತು ವರ್ಷದ ಹಿಂದೆ ನಾನೂ, ಪಕ್ಕದ ಮನೆಯ ಮುನಿರಾಜಪ್ಪನೂ ಒಂದೇ ದಿನ ಗಂಗುಲಪ್ಪ ಅನ್ನುವ ರೈತನಿಂದ ಅಕ್ಕಪಕ್ಕದ ಎರಡು ನಿವೇಶನ ಕೊಂಡಿದ್ದೆವು. ಮುನಿರಾಜಪ್ಪನ ಪತ್ರವನ್ನು ಜಾಗದ ಮೇಲೆ ನಿಂತು, ತಿರುಗಿ, ನೋಡಿ ಬರೆದೆ. ಅವನು ಕಕ್ಷಿದಾರ, ಕೂಲಿ ಕೊಡುವವನು. ನನ್ನದನ್ನು ಬರೆಯುವ ಹೊತ್ತಿಗೆ ಊಟದ ವೇಳೆಯಾಗಿತ್ತು. ನಂದೇ ತಾನೆ ಅಂತ ಮುನಿರಾಜಪ್ಪನ ಪತ್ರವನ್ನು ಎದುರಿಗಿಟ್ಟುಕೊಂಡು, ಹೆಸರು, ನಿವೇಶನದ ನಂಬರು ಬದಲಾಯಿಸಿ ಮಿಕ್ಕಿದ್ದನ್ನು ನಕಲು ಹೊಡೆದೆ. ಚಕ್ಕುಬಂದಿಯೂ ಸೇರಿ; ಅವನ ಪಶ್ಚಿಮಕ್ಕಿದ್ದ ನಾನು ನನ್ನ ಪಶ್ಚಿಮಕ್ಕೂ ಬಂದು ಕೂತೆ. ಗಂಗುಲಪ್ಪ "ಓದಪ್ಪ ಕೇಳಣ" ಅಂದಿದ್ದ. "ಓದೋದೇನಿದೆ ಗಂಗುಲಪ್ಪ, ನಂಬಿಕೆ ಇಲ್ವಾ? ಒತ್ತು ಹೆಬ್ಬೆಟ್ಟು" ಅಂದಿದ್ದೆ.

ಹೀಗಾಗಿ ಕಾಗದದ ಪ್ರಕಾರ ನಾನು ಕೊಂಡದ್ದು ಮುನಿರಾಜಪ್ಪನ ಜಾಗ. ನಾನು ಕಟ್ಟಿಕೊಂಡು, ಸುಣ್ಣ ಬಳಿಸಿ, ವರ್ಷ ವರ್ಷ ಕಂದಾಯ ಕಟ್ಟಿ ವಾಸವಾಗಿದ್ದ ಮನೆ ಯಾವ ಪತ್ರದಲ್ಲೂ ಇಲ್ಲ. ಇದನ್ನು ಸರಿಪಡಿಸಬೇಕಾದರೆ ಗಂಗುಲಪ್ಪ ಬಂದು ತಿದ್ದುಪಡಿ ಪತ್ರಕ್ಕೆ ಸಹಿ ಹಾಕಬೇಕು. ಅವನು ತೀರಿಕೊಂಡಿದ್ದರೆ ಅವನ ಮಕ್ಕಳೆಲ್ಲ ಹಾಕಬೇಕು. ಅವನಿಗೆ ಏಳು ಜನ ಮಕ್ಕಳು. ಅಲ್ಲಿಯವರೆಗೆ ಬ್ಯಾಂಕು ಮೇಷ್ಟ್ರಿಗೆ ಸಾಲ ಕೊಡುವುದಿಲ್ಲ, ಮೇಷ್ಟ್ರು ನನಗೆ ದುಡ್ಡು ಕೊಡುವುದಿಲ್ಲ. ಚಿಕ್ಕಬಳ್ಳಾಪುರದ ವಾಯಿದೆಗೆ ಇನ್ನು ಹತ್ತು ದಿನವಿತ್ತು.

ಮಂಜುಳ, ನೀನು ಆವತ್ತು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನೀರು ತಂದುಕೊಟ್ಟೆ.

ಮನೆಗೆ ಬಂದು ಸುನಂದಳಿಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಕಾನೂನು ಸಮೇತ ಬಿಡಿಸಿ. ಕೊನೆಗೆ, "ಇದಕ್ಕೇ ನಾನು ಹೇಳ್ತಿದ್ದದ್ದು, ಮೊದ್ಲು ಮಾರ್ಬೇಕು ಅಂತ. ನೋಡಿದ್ಯಾ?" ಅಂದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮುಖದಲ್ಲಿ ಸಂಕಟ ಕಾಣ್ತಾ ಇಲ್ಲ. ಗೆದ್ದೋರ ಹಂಗಿದೀರ."

"ಏನಂತ ಮಾತಾಡ್ತೀಯ!"

"ಹೌದು. ಆ ಮನೆ ಹೋಯ್ತು ಅಂತ ನಿಮಗೆ ಒಳಗೊಳಗೇ ಸಮಾಧಾನ ಆಗಿದೆ. ಇಲ್ಲೇ ಇರ್ಬಹುದು, ಹೋಟ್ಲು ಕಾಫಿ ಕುಡ್ಕೊಂಡು. ಇದಕ್ಕೆ ಮೊದ್ಲು ಹನ್ನೊಂದು ಮನೆ ರೀ ನಾನು ನೋಡ್ಕೊಂಡು ಬಂದು ಹೇಳಿದ್ದು. ಒಂದೊಂದರದ್ದೂ ಬಾಗಿಲು ಎಲ್ಲಿತ್ತು, ಬಾವಿ ಎಲ್ಲಿತ್ತು ನನಗೆ ನೆನಪಿದೆ. ಒಂದನ್ನಾದ್ರೂ ನೀವು ಒಳಗೆ ಬಂದು ನೋಡಿದ್ರಾ?"

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಗಂಡಸ್ತನ ತೋರಿಸಬಹುದಿತ್ತು. ಮತ್ತೆ ಕಾಯಿ ಸುಲಿಯತೊಡಗಿದಳು. ನಾನು ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಅವಳು ಹೇಳಿದ್ದು ನಿಜ. ಸಂಕಟವೂ ಇತ್ತು, ಆದರೆ ಅದರ ಅಡಿಯಲ್ಲಿ ಬಚ್ಚಿಟ್ಟುಕೊಂಡ ಒಂದು ನಿರಾಳ ಇತ್ತು. ಆ ನಿರಾಳ ಕಂಡಾಗ ನನಗೆ ನನ್ನ ಮೇಲೆ ಆದ ಅಸಹ್ಯ ಅಷ್ಟಿಷ್ಟಲ್ಲ. ಇಷ್ಟು ವರ್ಷ ಅವಳಿಗೆ ಹೇಳಿದ್ದು ಬುದ್ಧಿವಾದವೇ ಆಗಿರಲಿಲ್ಲ.

ಮಾರನೇ ದಿನ ಮೊದಲ ಬಸ್ಸಿಗೆ ಅಂಬಾಜಿದುರ್ಗದ ಕಡೆ ಹೊರಟೆ. ಗಂಗುಲಪ್ಪ ಬೆಟ್ಟದ ಬುಡದ ಊರಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾನೆ ಅಂತ ಮುನಿರಾಜಪ್ಪ ಹೇಳಿದ್ದ. ಇದ್ದಾನೋ ಇಲ್ಲವೋ ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ಬೇರೆಯವರ ಆಯಸ್ಸಿಗೆ ನಾನು ಅಷ್ಟು ಭಕ್ತಿಯಿಂದ ಯಾವತ್ತೂ ಬೇಡಿಕೊಂಡವನಲ್ಲ. ಇದ್ದ. ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ತೊಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಾತ್ರ ಚುರುಕು.

ಹೇಳಿದೆ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಏಮಯ್ಯಾ ವೆಂಕಟೇಶಪ್ಪ, ಅಂದ್ರೆ ನೀನು ಇಷ್ಟು ವರ್ಷ ಇದ್ದಿದ್ದು ನನ್ನ ಜಾಗದಲ್ಲಿ ಅನ್ನು?"

"ಕಾಗದದ ಪ್ರಕಾರ ಹಂಗೇ ಆಗುತ್ತೆ ಗಂಗುಲಪ್ಪ."

"ಬಾಡಿಗೆನೂ ಇಲ್ದೆ!"

ಅವನು ನಕ್ಕ ರಭಸಕ್ಕೆ ಮೊರ ಮಗುಚಿ ಹುಣಸೆಬೀಜವೆಲ್ಲ ಅಂಗಳಕ್ಕೆ ಚೆಲ್ಲಿತು. ಸೊಸೆ ಹೊರಗೆ ಬಂದಳು. ಅವಳಿಗೆ ತೆಲುಗಿನಲ್ಲಿ ಇನ್ನೊಂದು ಸಲ ಹೇಳಿ ನಕ್ಕ. ಪಕ್ಕದ ಮನೆಯವರು ಬಂದರು, ಅವರಿಗೂ ಹೇಳಿದ. ನಾನು ಅಂಗಳದಲ್ಲಿ ಕೂತು ಬೀಜ ಆರಿಸಿದೆ. ಕೈಮುಗಿದು, ತಪ್ಪೆಲ್ಲ ನನ್ನದೇ, ಬಂದು ಒಂದು ಸಹಿ ಹಾಕಿಕೊಡು ಅಂದೆ. ಅವನು ನಗು ನಿಲ್ಲಿಸಿದ.

"ಹಾಕ್ತೀನಿ, ಯಾಕ್ ಹಾಕಲ್ಲ. ಮಾರಿದ್ದು ಮಾರಿದ್ದೇ. ಆದ್ರೆ ಅವತ್ತು ನಾನು ಓದು ಅಂದೆ, ನೀನು ಓದ್ಲಿಲ್ಲ. ನನಗೆ ಓದಕ್ ಬರಲ್ಲ ಅಂತ ತಾನೆ? ಈ ಸಲ ಆ ಜಾಗದಲ್ಲೇ ನಿಂತ್ಕೊಂಡು ಪೂರ್ತಿ ಓದ್ಬೇಕು. ನಾನು ನಾಲ್ಕೂ ದಿಕ್ಕು ನೋಡ್ಬೇಕು."

ಆ ಮಾತು ನನಗೆ ಚೆನ್ನಾಗಿ ತಾಕಿತು. ಓದು ಬರದವರಿಗಾಗಿಯೇ ಇರುವ ಕಟ್ಟಳೆಯನ್ನು ನಾನು ಓದು ಬರದವನ ಮುಂದೆಯೇ ಮುರಿದಿದ್ದೆ. ಗಂಗುಲಪ್ಪನಿಗೆ ಆಗ ಮೈಯಲ್ಲಿ ಹುಷಾರಿರಲಿಲ್ಲ, ಇನ್ನೊಂದು ವಾರ ಬಸ್ಸು ಹತ್ತುವುದು ಬೇಡ ಅಂತ ಡಾಕ್ಟರು ಹೇಳಿದ್ದಾರೆ ಅಂತ ಮಗ ಅಂದ. ವಾರ ಕಳೆದ ಮೇಲೆ ಸಹಿ, ನೋಂದಣಿ, ಬ್ಯಾಂಕು. ಲೆಕ್ಕ ಹಾಕಿದರೆ ವಾಯಿದೆ ದಾಟಿಹೋಗುತ್ತಿತ್ತು.

ಮನೆಗೆ ಬಂದು, ಶಾರದಮ್ಮನಿಗೆ ಫೋನು ಮಾಡಿ ಬ್ಯಾಂಕಿನ ಕಡೆಯಿಂದ ಸ್ವಲ್ಪ ತಡ ಅಂತ ಹೇಳಿಬಿಡೋಣ ಅಂದೆ. ಸುನಂದ ಆಗಲೇ ಸೀರೆ ಬದಲಾಯಿಸುತ್ತಿದ್ದಳು. "ಸುಳ್ಳು ಯಾಕ್ರೀ? ನಡೀರಿ, ಹೋಗಿ ಇದ್ದದ್ದು ಇದ್ದ ಹಾಗೇ ಹೇಳಣ" ಅಂದಳು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ನಾನು ನಗಲಿಲ್ಲ.

ಶಾರದಮ್ಮನ ಮನೆಯಲ್ಲಿ ಮಾತಾಡಿದ್ದೆಲ್ಲ ಅವಳೇ. ನಕಲು ಹೊಡೆದದ್ದು, ಊಟದ ವೇಳೆ, ಗಂಗುಲಪ್ಪ ಕೇಳಿದ ಬಾಡಿಗೆ, ಒಂದನ್ನೂ ಬಿಡಲಿಲ್ಲ. ಹೆಡ್‌ಮಿಸ್ಸು ನನ್ನನ್ನು ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನನ್ನು ನೋಡುವ ಹಾಗೆ ನೋಡಿದರು. ಆಮೇಲೆ ಅವರ ಮುಖ ಸಪ್ಪಗಾಯಿತು.

"ನಿಮಗೆ ಹೇಗೆ ಹೇಳ್ಲಿ ಸುನಂದಮ್ಮ. ನಿಮ್ಮನ್ನ ನಂಬ್ಕೊಂಡು ನಾನೂ ತೊಂಡೇಬಾವಿಲಿ ನಮ್ಮ ಅಣ್ಣನ ಮನೆ ಪಕ್ಕ ಒಂದು ಮನೆಗೆ ಅಡ್ವಾನ್ಸ್ ಕೊಟ್ಬಿಟ್ಟಿದೀನಿ. ಗೌರಿಬಿದನೂರಿನಲ್ಲಿ ರಿಜಿಸ್ಟರ್ ಮಾಡ್ಸೋದಕ್ಕೆ ದಿನಾನೂ ಇಟ್ಕೊಂಡಾಗಿದೆ. ಆ ಬೆಂಗಳೂರಿನೋರು ದಿನಾ ಫೋನ್ ಮಾಡ್ತಿದಾರೆ, ಜಾಸ್ತಿನೇ ಕೊಡ್ತೀವಿ ಅಂತ."

ಅಂದರೆ ಚಿಂತಾಮಣಿಯ ನನ್ನ ಮನೆಯ ಪಶ್ಚಿಮದ ಗಡಿ ಸರಿಯಾಗದೆ ತೊಂಡೇಬಾವಿಯಲ್ಲಿ ಒಬ್ಬರು ಮನೆ ಖಾಲಿ ಮಾಡುವಂತಿಲ್ಲ. ನಾನು ಬಾಯಿ ತೆಗೆದೆ. "ಮೇಡಂ, ತಪ್ಪು ನಂದು. ಅಡ್ವಾನ್ಸ್ ಇಟ್ಕೊಳ್ಳಿ, ಮನೆ ಅವರಿಗೇ ಕೊಡಿ. ನಿಮಗೆ ತೊಂದ್ರೆ ಆಗೋದು ಬೇಡ" ಅಂದೆ. ಇಡೀ ವ್ಯವಹಾರದಲ್ಲಿ ನಾನು ಆಡಿದ ಮೊದಲ ಮರ್ಯಾದೆಯ ಮಾತು ಅದು ಅಂದುಕೊಂಡೆ. ಸುನಂದ ನನ್ನ ಕಡೆ ತಿರುಗಿದಳು.

"ನೀವು ಸುಮ್ನಿರಿ. ಬಿಟ್ಟುಕೊಡೋದು ನಿಮಗೆ ಸುಲಭ, ನಿಮ್ಮ ಮನೆ ಅಲ್ವಲ್ಲ." ಆಮೇಲೆ ಶಾರದಮ್ಮನ ಕೈ ಹಿಡಿದುಕೊಂಡಳು. "ಮಿಸ್, ಇಪ್ಪತ್ತು ದಿನ ಕೊಡಿ. ತೊಂಡೇಬಾವಿಯೋರ ಹತ್ರ ನಾನೇ ಬಂದು ಮಾತಾಡ್ತೀನಿ. ನನಗೆ ಈ ಮನೆ ಬೇಕು."

ನನಗೆ ಈ ಮನೆ ಬೇಕು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತನ್ನು ಹಾಗೆ ನೆಟ್ಟಗೆ ನಾನು ಕೇಳಿರಲಿಲ್ಲ. 'ಚೆನ್ನಾಗಿದೆ' ಅನ್ನುತ್ತಿದ್ದಳು, 'ನೋಡ್ಬಹುದು' ಅನ್ನುತ್ತಿದ್ದಳು. ನಾನು ಬೇಡ ಅನ್ನುತ್ತೇನೆ ಅಂತ ಗೊತ್ತಿದ್ದರಿಂದ ಬೇಕು ಅನ್ನುವುದನ್ನೇ ಬಿಟ್ಟಿದ್ದಳು. ಶಾರದಮ್ಮ ಫೋನು ತೆಗೆದು ತೊಂಡೇಬಾವಿಗೆ ಹಚ್ಚಿ ಸುನಂದಳ ಕೈಗೆ ಕೊಟ್ಟರು. ಆ ಕಡೆಯವರು ಒಪ್ಪಿದರು. ಬೆಂಗಳೂರಿನವರಿಗೆ ಶಾರದಮ್ಮ ಇಲ್ಲ ಅಂದುಬಿಟ್ಟರು.

ಹೊಸ ವಾಯಿದೆಯ ಕಾಗದ ಬರೆಯಲು ನಾನು ಪೆನ್ನು ತೆಗೆದೆ. ಸುನಂದ ಪೆನ್ನು ಕಿತ್ತುಕೊಂಡು ತನ್ನ ಕೈಬರಹದಲ್ಲಿ ತಾನೇ ಬರೆದಳು. ಪತ್ರ ಅವಳ ಹೆಸರಿಗೆ ಆಗಬೇಕು, ಅದನ್ನು ಮಂಜುಳ ಬರೆಯಬೇಕು, ನಾನು ಬರೆಯಕೂಡದು ಅಂತ ಅಲ್ಲೇ ತೀರ್ಮಾನವೂ ಆಯಿತು. ಚಿಂತಾಮಣಿಯಲ್ಲಿ ಅರ್ಧ ಊರಿಗೆ ಮನೆಯ ಪತ್ರ ಬರೆದುಕೊಟ್ಟವನಿಗೆ ಸ್ವಂತ ಹೆಂಡತಿಯ ಪತ್ರ ಬರೆಯುವ ಯೋಗ್ಯತೆ ಇಲ್ಲ ಅಂತ ಒಬ್ಬ ಹೆಡ್‌ಮಿಸ್ಸಿನ ಎದುರು ತೀರ್ಪಾಯಿತು. ನಾನು ತಕರಾರು ಮಾಡಲಿಲ್ಲ.

ಗಂಗುಲಪ್ಪ ವಾರದ ಮೇಲೆ ಎರಡು ದಿನ ಬಿಟ್ಟು ಮಗನ ಜೊತೆ ಬಂದ. ನಮ್ಮ ಮನೆ ಮುಂದೆ ದೊಣ್ಣೆ ಊರಿ ನಿಂತ. ನಾನು ಓದಿದೆ. ಪೂರ್ವಕ್ಕೆ ಮುನಿರಾಜಪ್ಪನ ಮನೆ ಅಂದಾಗ ಅತ್ತ ತಿರುಗಿದ. ಮುನಿರಾಜಪ್ಪ ಬಾಗಿಲಲ್ಲಿ ನಿಂತು, "ನನ್ನ ಮನೆ ನನಗೆ ಬಿಟ್ಟುಕೊಟ್ಟಿದ್ದಕ್ಕೆ ತುಂಬಾ ಉಪಕಾರ ಕಣಪ್ಪ" ಅಂತ ಕೂಗಿದ. ಪಶ್ಚಿಮಕ್ಕೆ ಓಣಿ ಅಂದಾಗ ಗಂಗುಲಪ್ಪ ಓಣಿಯ ತುದಿಯ ತನಕ ನಡೆದು ಹೋಗಿ ನೋಡಿ ಬಂದ. ನಾಲ್ಕೂ ದಿಕ್ಕು ಮುಗಿದ ಮೇಲೆ, "ಈಗ ಸರಿಯಾಯ್ತು. ನಡಿ" ಅಂದ. ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ. ಕಾಫಿ ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಮೇಷ್ಟ್ರ ಸಾಲ ಬಂತು, ನಮ್ಮ ಮನೆ ಮಾರಾಟವಾಯಿತು. ಹದಿನೆಂಟನೇ ದಿನ ಚಿಕ್ಕಬಳ್ಳಾಪುರದ ನೋಂದಣಿ ಕಚೇರಿಗೆ ಹೋದೆವು. ನೀನು ಬರೆದ ಪತ್ರವನ್ನು ಬೆಳಿಗ್ಗೆ ನೀನೇ ಆ ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಓದಿದ್ದೆ ಮಂಜುಳ, ಶಾರದಮ್ಮ ಒಂದು ಕಡೆ, ಸುನಂದ ಒಂದು ಕಡೆ. ನಾನು ಹೊಸ ಹುಡುಗನ ಹಾಗೆ ಹಿಂದೆ ನಿಂತು ಕೇಳಿಸಿಕೊಂಡೆ. ನನಗೆ ಬಂದ ಪಾತ್ರ ಎರಡನೇ ಸಾಕ್ಷಿಯದು.

ಅಧಿಕಾರಿ ಹೊಸಬರು, ಸಣ್ಣ ವಯಸ್ಸು. ಕಂಪ್ಯೂಟರಿನ ಮುಂದೆ ಸುನಂದಳನ್ನು ಕೂರಿಸಿ ಫೋಟೊ ತೆಗೆಸಿದರು, ಬೆರಳಚ್ಚು ಕೊಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಕೊಳ್ಳುವವರು ವಯಸ್ಸಾದ ಹೆಂಗಸು, ಪಕ್ಕದಲ್ಲಿ ನಿಂತ ಗಂಡಸು ಯಾರೋ ಏನೋ ಅಂತ ಅನುಮಾನ ಬಂತೋ ಏನೋ, ತಲೆ ಎತ್ತಿ ಕೇಳಿದರು:

"ಅಮ್ಮ, ಮನೇನ ನೀವೇ ಖುದ್ದಾಗಿ ಹೋಗಿ ನೋಡಿದೀರಾ?"

ಸುನಂದ ನನ್ನ ಕಡೆ ನೋಡಲಿಲ್ಲ.

"ಮೂವತ್ತು ವರ್ಷದಿಂದ ನೋಡ್ತಾನೇ ಇದೀನಿ ಸಾರ್. ತಗೊಳ್ತಿರೋದು ಇವತ್ತು" ಅಂದಳು.

ಅವರಿಗೆ ಅರ್ಥವಾಗಲಿಲ್ಲ. ಸರಿ ಅಂತ ತಲೆಯಾಡಿಸಿ ಪತ್ರವನ್ನು ನನ್ನ ಕಡೆ ತಳ್ಳಿ, ಸಾಕ್ಷಿ ಇಲ್ಲಿ ಸಹಿ ಹಾಕಿ ಅಂದರು. ನಾನು ಕನ್ನಡಕ ಒರೆಸಿಕೊಂಡು ಸಹಿ ಹಾಕಿದೆ.